ಕರಿ ಅಂದ್ರ

ವಿಜಯಪುರದ ಸ್ಟೇಶನ್ ರೋಡಿನ ನಮ್ಮ ಖಾನಾವಳಿಗೆ
ಇಂಗ್ಲಿಷಿನಾಗೊಂದು ಬೋರ್ಡ್ ಬೇಕಂತ
ಅವ್ವ ಗಂಟ ಬಿದ್ಲು.
ಗುಮ್ಮಟ ನೋಡಾಕ ಬಂದವರು
ಬಾಗಲದಾಗ ನಿಂತು ಒಗ್ಗರಣಿ ವಾಸನಿ ಕುಡದು
ಒಳಗ ಇಣುಕಿ, ಹಂಗ ಮುಂದ ಹೋಗ್ತಾರ,
ಓದಾಕ ಬಂದ್ರ ಉಣ್ಣಾಕೂ ಬರ್ತಾರ, ಅಂದ್ಲು.

ಬಿ.ಎ. ಎರಡನೇ ವರ್ಷದ ನನ್ನ ಕೈಯಾಗ
ಒಂದು ಹಾಳಿ, ಹೊಟ್ಟಿ ಹರಿದ ಡಿಕ್ಷನರಿ.
ಹೊರಗ ಏಣಿ ಮ್ಯಾಗ ಪೇಂಟರ್ ಲಾಡ್ಲೇಸಾಬ
ಬ್ರಶ್ಶಿಗೆ ಬಣ್ಣ ಹಚ್ಚಿ
ಒಣಗಾಕತ್ತೈತಿ, ಲಗೂನ ಹೇಳವಾ, ಅಂತಾನ.

ಎಣ್ಣಿಗಾಯಿಗೆ ಏನಂತಾರ?
ಕರಿ.
ಮಡಿಕಿಕಾಳಿಗೆ? ಅದಕ್ಕೂ ಕರಿ.
ಪುಂಡಿಪಲ್ಯ ಡಿಕ್ಷನರಿಯಾಗ ಸಿಗಲಿಲ್ಲ,
ಸಿಕ್ರೂ, ಹಲ್ಲು ಜುಮ್ ಅನ್ನೂ ಆ ಹುಳಿ
ಯಾವ ಸ್ಪೆಲಿಂಗಿನಾಗ ಹಿಡಿಸ್ತೈತಿ? ಹಸರ ಕರಿ ಅಂತ ಬರದೆ.
ಝುಣಕ ಗಟ್ಟಿ, ಹಿಟ್ಟಿನಪಲ್ಯ ಸಡ್ಲ,
ಅಕ್ಕತಂಗೇರು, ಒಬ್ಬರ ಸೀರಿ ಒಬ್ಬರಿಗೆ ಆಗೂದಿಲ್ಲ,
ಆದ್ರೂ ಇಬ್ಬರಿಗೂ ಒಂದ ಕುಬಸ ಹೊಲದೆ: ಕರಿ.
ಬ್ಯಾಳಿ, ಕರಿ.
ಹೆಸರಕಾಳು, ಹೆಸರಿನಾಗ ಹೆಸರಿದ್ರೂ, ಕರಿ.

ಗುಮ್ಮಟದಾಗ ಒಂದು ಮಾತು ಏಳಾಗಿ ತಿರುಗಿ ಬರ್ತೈತಂತ.
ನನ್ನ ಹಾಳಿ ಮ್ಯಾಗ ಏಳು ಮಾತು
ಒಂದಾಗಿ ಮುದುಡಿ ಕುಂತುವು.

ರೊಟ್ಟಿ ಬಡಿಯೂ ಕೈ ನಿಲ್ಲಿಸದ ಅವ್ವ ಕೇಳಿದ್ಲು:
ಕರಿ ಅಂದ್ರ?
ಕರಿ ಅಂದ್ರ ಕಪ್ಪು. ನನ್ನ ಪಲ್ಯ ಯಾವತ್ತ ಸೀದಿತ್ತು?
ಕರಿ ಅಂದ್ರ ಎಣ್ಣ್ಯಾಗ ಬಿಡೂದು,
ಬ್ಯಾಳೀನ ಯಾರು ಕರೀತಾರ?

ಉಳ್ಳಾಗಡ್ಡಿ ಹೆಚ್ಚೂ ಸಾತವ್ವ ಕಣ್ಣ ಒರಸಿಕೋತ ಅಂದ್ಲು:
ಕರಿ ಅಂದ್ರ ಕಾರಹುಣ್ಣಿಮಿ ಸಂಜಿ,
ಅಗಸಿ ಮುಂದ ಎತ್ತು ಓಡಿ ಹರೀತಾವಲ್ಲ, ಅದು.
ಬಿಳಿ ಎತ್ತು ಹರಿದ್ರ ಬಿಳಿಜ್ವಾಳ ಚಲೋ ಬರ್ತೈತಿ.

ಏಣಿ ಮ್ಯಾಲಿಂದ ಲಾಡ್ಲೇಸಾಬ:
ಕರಿಬೇವು ಹಾಕ್ತಾರಲ್ಲ, ಅದಕ್ಕ ಕರಿ ಅಂತಾರೇನೋ.
ಹಂಗಾರ ಎಲ್ಲಾಕೂ ಉಪ್ಪು ಅಂತ ಬರಿಯೋ,
ಎಲ್ಲಾದ್ರಾಗೂ ಐತಿ.

ನನಗ ಕಾಲೇಜಿನ ಸರ್ ಹೇಳಿದ್ದು ನೆನಪಾತು:
ಅದು ನಮ್ಮ ದಕ್ಷಿಣದ ಮಾತ ಅಂತ,
ಯಾವ ಕಾಲದಾಗೋ ಹಡಗ ಹತ್ತಿ ಹೋಗಿ
ಅಲ್ಲಿ ಪುಡಿಯಾಗಿ ಡಬ್ಬಿ ಸೇರಿ
ತಿರುಗಿ ಬಂದೈತಂತ.
ಬಂದದ್ದು ಬಂತು,
ತವರಮನಿಯಾಗ ಒಲಿ ಎಲ್ಲೈತಿ ಅಂತ ಕೇಳೂ ಮಗಳಂಗ
ನಮ್ಮ ಗಡಿಗಿ ಗಡಿಗಿ ಮುಚ್ಚಳ ಎತ್ತಿ
ಇದರ ಹೆಸರೇನು, ಇದರ ಹೆಸರೇನು, ಅಂತೈತಿ,
ಹೇಳಿದ್ರ ತನ್ನ ಹೆಸರನ್ನ ಇಟ್ಟು ಹೋಗ್ತೈತಿ.

ಅಷ್ಟರಾಗ ಬಾಗಲದಾಗ ಇಬ್ಬರು,
ಬೆನ್ನಿಗೆ ಚೀಲ, ಬಿಸಲಿಗೆ ಕೆಂಪಾದ ಮೂಗು,
ಒಳಗ ಬರ್ಲೋ ಬ್ಯಾಡೋ ಅಂತ ಒಂದು ಕಾಲು ಮುಂದ.
ಕರಿ, ಅಂದ್ಲು ಅವ್ವ.
ಯಾವ ಕರಿ? ಪೆನ್ನು ಎತ್ತಿದೆ ನಾನು.
ಏ ಹುಚ್ಚಿ, ಪಾಪ ನಿಂತಾರ, ಒಳಗ ಕರಿ!

ಕರದೆ. ಬಂದ್ರು. ಕುಂತ್ರು.
ಅವ್ವ ಒಂದೊಂದ ಬಡಿಸ್ಕೋತ, ಕಿವುಡರಿಗೆ ಹೇಳಿದಂಗ
ಜೋರಾಗಿ ಹೇಳಿದ್ಲು: ಝುಣಕ. ಎಣ್ಣಿಗಾಯಿ. ಪುಂಡಿ.
ಆ ಹೆಣ್ಣಮಗಳು ಪುಂಡಿ ಬಾಯಾಗ ಇಟ್ಟು
ಒಂದು ಕಣ್ಣ ಮುಚ್ಚಿ, ಹೆಗಲು ಕುಣಿಸಿ,
ತಾಟು ಮುಂದ ಚಾಚಿದ್ಲು:
ಪಂಡಿ.
ಅವ್ವ ತಿದ್ದಲಿಲ್ಲ, ಇನ್ನೊಂದು ಸೌಟು ಹಾಕಿದ್ಲು.

ಲಾಡ್ಲೇಸಾಬನೂ ಕೈ ತೊಳಕೊಂಡು ಊಟಕ್ಕ ಕುಂತ,
ಬ್ರಶ್ಶು ಒಣಗಿ ಕಟ್ಟಿಗಿ ಆತು.
ಬೋರ್ಡಿನ ಮ್ಯಾಗ ಇವತ್ತಿಗೂ ಎರಡ ಅಕ್ಷರ: ಸಿ, ಯು.
ಹಾದು ಹೋಗೂ ಕಾಲೇಜ್ ಹುಡುಗರು
ಸೀ ಯೂ ಅಂತ ಓದಿ ನಗ್ತಾರ.
ಹಂಗಂದ್ರ? ಅಂದ್ಲು ಅವ್ವ.
ಹೋಗಿ ಬರ್ರಿ ಅಂದಂಗವ್ವ.
ಹಿಟ್ಟಿನ ಕೈ ಝಾಡಿಸಿ ಒಂದು ಗಳಿಗಿ ನೋಡಿದ್ಲು.
ಇರ್ಲಿ ಬಿಡು, ಮಾತು ಚಲೋ ಐತಿ,
ಆದ್ರ ಅದನ್ನ ಒಳಗಿನ ಗ್ವಾಡಿಗೆ ಬರೀಬೇಕಿತ್ತು.